ಬೀದಿದೀಪ ಆರಿದೆ, ಯಾರಿಗೆ ಹೇಳೋಣ?

ರಾತ್ರಿ ಹತ್ತು ಗಂಟೆ ನಲವತ್ತೆಂಟು ನಿಮಿಷ. ಸ್ಪೇನ್ ದೇಶದ ದಕ್ಷಿಣದಲ್ಲಿ, ಗ್ರನಾಡಾ ನಗರದ ಮಗ್ಗುಲಲ್ಲೇ ಇರುವ ಹುನ್ ಎಂಬ ಪುಟ್ಟ ಊರಿನ ನಿವಾಸಿಯೊಬ್ಬರು ಮೊಬೈಲ್ ತೆಗೆದು ಮೇಯರ್‌ಗೆ ಟ್ವಿಟರ್‌ನಲ್ಲಿ ಒಂದು ಸಾಲು ಬರೆದರು: ಇಂಥ ಬೀದಿಯಲ್ಲಿ ದೀಪವೊಂದು ಕೆಟ್ಟಿದೆ. ಒಂಬತ್ತು ನಿಮಿಷದಲ್ಲಿ ಮೇಯರ್ ಉತ್ತರ ಬಂತು, ನಾಳೆ ಎಲೆಕ್ಟ್ರಿಷಿಯನ್ ಬಂದು ಸರಿಮಾಡುತ್ತಾರೆ ಎಂದು. ಆ ಉತ್ತರದಲ್ಲೇ ಊರಿನ ಎಲೆಕ್ಟ್ರಿಷಿಯನ್‌ನ ಟ್ವಿಟರ್ ಹೆಸರೂ ಇತ್ತು. ಮಾರನೇ ದಿನ ಆತ ಕೆಲಸ ಮುಗಿಸಿ, ದುರಸ್ತಿಯಾದ ದೀಪದ ಫೋಟೊ ಹಾಕಿದ.

ಒಂದು ಬಲ್ಬು ಬದಲಾಗಿದ್ದು ಸುದ್ದಿಯೇ ಎಂದು ಕೇಳಬಹುದು. ಮನೆ ಮುಂದಿನ ಕಂಬದ ದೀಪ ಆರಿ ತಿಂಗಳಾದವರಿಗೆ ಅದು ಎಷ್ಟು ದೊಡ್ಡ ಸುದ್ದಿ ಎಂಬುದು ಗೊತ್ತು. ನಮ್ಮಲ್ಲಿ ಲೈನ್‌ಮ್ಯಾನ್‌ನನ್ನು ಕೇಳಿದರೆ ಬಲ್ಬು ಕೊಡಬೇಕಾದ್ದು ಪಂಚಾಯಿತಿ ಎನ್ನುತ್ತಾನೆ. ಪಂಚಾಯಿತಿಗೆ ಹೋದರೆ ಪಿಡಿಒ ಸಾಹೇಬರು ತಾಲ್ಲೂಕು ಕಚೇರಿ ಮೀಟಿಂಗಿಗೆ ಹೋಗಿರುತ್ತಾರೆ. ವಾರ್ಡಿನ ಸದಸ್ಯರು "ಆಯ್ತು ಬಿಡಿ, ಹೇಳ್ತೀನಿ" ಎನ್ನುತ್ತಾರೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಹೇಳುವವನ ಬಾಯಿಗೂ ಮಾಡುವವನ ಕೈಗೂ ನಡುವೆ ನಾಲ್ಕು ಮೇಜು, ಮೂರು ಕಡತ, ಎರಡು ಭಾನುವಾರ ಬಂದುಬಿಡುತ್ತವೆ, ಅಷ್ಟೇ. ಹುನ್ ಊರಿನವರು ಆ ನಡುವಿನ ಜಾಗವನ್ನು ಒಂದು ರಾತ್ರಿಯಷ್ಟಕ್ಕೆ ಇಳಿಸಿದ್ದರು.

ಆ ಊರಿನ ಜನಸಂಖ್ಯೆ ಸುಮಾರು ಮೂರೂವರೆ ಸಾವಿರ; ನಮ್ಮ ಲೆಕ್ಕಕ್ಕೆ ಒಂದು ದೊಡ್ಡ ಹಳ್ಳಿ. ಇಂಟರ್ನೆಟ್ ಎಂದರೆ ಏನೆಂದು ಬಹಳ ಜನಕ್ಕೆ ತಿಳಿಯದಿದ್ದ 1999ರಲ್ಲೇ ಅದು ಎಲ್ಲ ನಾಗರಿಕರ ಹಕ್ಕು ಎಂದು ಅಲ್ಲಿನ ಪುರಸಭೆ ಸಾರಿತ್ತು. 2005ರಲ್ಲಿ ಮೇಯರ್ ಆದ ಹೊಸೆ ಆಂಟೋನಿಯೊ ರೊಡ್ರಿಗಸ್ ಸಾಲಾಸ್ 2011ರಲ್ಲಿ ಟ್ವಿಟರ್‌ಗೆ ಬಂದರು. ಆಮೇಲೆ ಊರಿನವರನ್ನೂ ಪುರಸಭೆಯ ನೌಕರರನ್ನೂ ಅಲ್ಲಿಗೇ ಕರೆತಂದರು. ಅದಕ್ಕೊಂದು ಕ್ರಮವನ್ನೂ ಮಾಡಿದರು: ಟ್ವಿಟರ್ ಖಾತೆ ಇರುವ ನಿವಾಸಿ ಪುರಭವನಕ್ಕೆ ಬಂದು, ಈ ಖಾತೆ ನನ್ನದೇ ಎಂದು ದೃಢಪಡಿಸಿ ಹೆಸರು ಬರೆಸಬೇಕು. ಹೀಗಾಗಿ ಮೇಯರ್‌ಗೆ ದೂರು ಬರೆದವರು ನಿಜವಾಗಿಯೂ ಆ ಊರಿನವರೇ ಎಂಬ ಖಾತರಿ ಇತ್ತು. ಸುಳ್ಳು ಹೆಸರಿನ ಕೂಗಾಟಕ್ಕೆ ಅಲ್ಲಿ ಆಸ್ಪದ ಕಡಿಮೆ.

ಕ್ರಮೇಣ ವೈದ್ಯರ ಭೇಟಿಗೆ ಸಮಯ ಕೇಳುವುದು, ಶಾಲೆಯ ಊಟದಲ್ಲಿ ಇವತ್ತು ಏನಿದೆ ಎಂದು ತಿಳಿಯುವುದು, ಪೊಲೀಸರಿಗೆ ತಕರಾರು ಹೇಳುವುದು ಎಲ್ಲವೂ ಅದೇ ದಾರಿಯಲ್ಲಿ ನಡೆಯತೊಡಗಿತು. ಬೀದಿ ಗುಡಿಸುವ ಕಾರ್ಮಿಕ ತಾನು ಮಾಡಿದ ಕೆಲಸದ ಚಿತ್ರಗಳನ್ನು ಹಾಕತೊಡಗಿದ. ಜನ ಅವನಿಗೆ ಉತ್ತರ ಬರೆದರು, ಮೆಚ್ಚಿಕೊಂಡರು. ಅವನು ಊರಿಗೆ ಪರಿಚಿತ ಮುಖವಾದ. ಪೌರಕಾರ್ಮಿಕರ ಹೆಸರು ಯಾರಿಗೂ ಗೊತ್ತಿಲ್ಲದ ಊರುಗಳಲ್ಲಿ ಬದುಕುವವರು ಈ ಒಂದು ವಿವರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಅಮೆರಿಕದ ಎಂಐಟಿ ಸಂಸ್ಥೆಯ ಡೆಬ್ ರಾಯ್ ಮತ್ತು ವಿಲಿಯಂ ಪವರ್ಸ್ ಈ ಊರನ್ನು ಅಧ್ಯಯನ ಮಾಡಿ 2015ರಲ್ಲಿ ಬರೆದ ಮೇಲೆ ಹುನ್ ಹೆಸರು ಜಗತ್ತಿಗೆ ತಿಳಿಯಿತು. ಊರಿನ ಪೊಲೀಸ್ ಸಿಬ್ಬಂದಿ ನಾಲ್ವರಿಂದ ಒಬ್ಬರಿಗೆ ಇಳಿದಿದ್ದನ್ನು ಅವರು ದಾಖಲಿಸಿದರು. ದೂರುಗಳು ನೇರವಾಗಿ ಬರುತ್ತಿದ್ದುದರಿಂದ ಒಬ್ಬರೇ ಸಾಕಾಗಿದ್ದರು. ಮೇಯರ್ ತಮ್ಮ ಪದ್ಧತಿಗೆ 'ನಿಮಿಷದ ಸಮಾಜ' ಎಂಬ ಹೆಸರಿಟ್ಟಿದ್ದರು.

ಆದರೆ ಹುನ್‌ನ ಗುಟ್ಟು ನಿಮಿಷದಲ್ಲಿಲ್ಲ, ಎಲೆಕ್ಟ್ರಿಷಿಯನ್‌ನ ಹೆಸರಿನಲ್ಲಿದೆ. ಮೇಯರ್ ಬರೀ "ನೋಡುತ್ತೇವೆ" ಎಂದಿದ್ದರೆ ಆ ಮಾತು ಗಾಳಿಯಲ್ಲಿ ಹೋಗುತ್ತಿತ್ತು. ಎಲೆಕ್ಟ್ರಿಷಿಯನ್‌ನನ್ನು ಎಲ್ಲರ ಎದುರು ಹೆಸರು ಹಿಡಿದು ಕರೆದದ್ದರಿಂದ ಕೆಲಸ ಯಾರದು ಎಂಬುದು ಇಡೀ ಊರಿಗೆ ಗೊತ್ತಾಯಿತು. ದೀಪ ಹತ್ತಿದಾಗ ಹೊಗಳಿಕೆಯೂ ಮಾಡಿದವನಿಗೇ ಸಂದಿತು. ರಾಜಕಾರಣಿಯ ಕಿವಿಗೆ ಬಿದ್ದದ್ದು ಕೆಲಸಗಾರನ ಕೈಗೆ ಹೇಗೆ ತಲುಪುತ್ತದೆ, ತಲುಪಿತೋ ಇಲ್ಲವೋ ಎಂಬುದು ಹೇಳಿದವನಿಗೆ ಹೇಗೆ ಗೊತ್ತಾಗುತ್ತದೆ? ಸಾಮಾಜಿಕ ಜಾಲತಾಣದಲ್ಲಿ ಜನರ ಮಾತು ಕೇಳುತ್ತೇವೆ ಎನ್ನುವ ಯಾವ ನಾಯಕರನ್ನಾದರೂ ಈ ಎರಡು ಪ್ರಶ್ನೆಗಳಿಂದ ಅಳೆಯಬಹುದು.

ಹುನ್‌ಗಿಂತ ಮೊದಲೇ ಹೆಸರಾದದ್ದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂವರ್ಕ್ ನಗರ. 2010ರ ಡಿಸೆಂಬರ್ ಕೊನೆಯಲ್ಲಿ ಕ್ರಿಸ್‌ಮಸ್ ಮುಗಿದ ಮರುದಿನ ಅಲ್ಲಿ ಸುಮಾರು ಎರಡು ಅಡಿ ಹಿಮ ಬಿತ್ತು. ಮನೆ ಬಾಗಿಲು ತೆರೆಯಲಾಗದ ಸ್ಥಿತಿ. ಮೇಯರ್ ಕೋರಿ ಬುಕರ್‌ಗೆ ಟ್ವಿಟರ್‌ನಲ್ಲಿ ಮೊರೆಗಳು ಹರಿದುಬಂದವು: ನಮ್ಮ ಬೀದಿಗೆ ಹಿಮ ತೆಗೆಯುವ ಗಾಡಿ ಬಂದಿಲ್ಲ, ವಯಸ್ಸಾದ ತಂದೆ ಒಳಗೇ ಸಿಕ್ಕಿಕೊಂಡಿದ್ದಾರೆ. ಬುಕರ್ ಸಲಿಕೆ ಹಿಡಿದು ಬೀದಿಗಿಳಿದರು. ಸಿಕ್ಕಿಬಿದ್ದ ಕಾರುಗಳನ್ನು ತಳ್ಳಿದರು, ಹಿಮ ತೋಡಿದರು, ಹೊರಗೆ ಬರಲಾಗದ ತಾಯಿಯೊಬ್ಬಳಿಗೆ ಮಗುವಿನ ಡಯಾಪರ್ ತಲುಪಿಸಿದರು. ಎಲ್ಲಿದ್ದೇನೆ, ಮುಂದೆ ಯಾವ ಬೀದಿ ಎಂದು ಒಂದೊಂದಾಗಿ ಬರೆಯುತ್ತಾ ಹೋದರು. ಅವರನ್ನು ಆಗ ಟ್ವಿಟರ್‌ನಲ್ಲಿ ಹಿಂಬಾಲಿಸುತ್ತಿದ್ದವರ ಸಂಖ್ಯೆ ನ್ಯೂವರ್ಕಿನ ಜನಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದು ಕರೆಂಟು ಹೋದಾಗ, ನಮ್ಮ ಮನೆಯಲ್ಲಿ ವಿದ್ಯುತ್ ಇದೆ, ಬಂದು ಫೋನ್ ಚಾರ್ಜ್ ಮಾಡಿಕೊಳ್ಳಿ ಎಂದು ಅವರು ನೆರೆಹೊರೆಯವರನ್ನು ಕರೆದದ್ದೂ ಉಂಟು.

ಆ ಹಿಮದ ರಾತ್ರಿಯ ಶ್ರಮ ನಿಜ. ಅದಕ್ಕೆ ಒಂದು ತಿಂಗಳು ಮೊದಲು, ಹಣದ ಮುಗ್ಗಟ್ಟಿನಿಂದಾಗಿ ಅದೇ ನ್ಯೂವರ್ಕ್ ನಗರ 160ಕ್ಕೂ ಹೆಚ್ಚು ಪೊಲೀಸರನ್ನು ಕೆಲಸದಿಂದ ತೆಗೆದಿತ್ತು ಎಂಬುದೂ ನಿಜ. ಮೇಯರ್ ಒಬ್ಬರು ಒಂದು ರಾತ್ರಿಯಲ್ಲಿ ಎಷ್ಟು ಬೀದಿಯ ಹಿಮ ತೆಗೆದಾರು? ಎರಡು ಲಕ್ಷ ಎಪ್ಪತ್ತು ಸಾವಿರ ಜನರ ನಗರದಲ್ಲಿ ಟ್ವಿಟರ್ ಖಾತೆ ಇಲ್ಲದ ಅಜ್ಜನ ಬಾಗಿಲಿಗೆ ಸಲಿಕೆ ಹೋಗುವುದು ಯಾವಾಗ? ಬುಕರ್ 2013ರಲ್ಲಿ ಸೆನೆಟರ್ ಆಗಿ ವಾಷಿಂಗ್ಟನ್‌ಗೆ ಹೋದರು. ಹುನ್‌ನಲ್ಲಿ ಮೇಯರ್ ಕಂಬ ಹತ್ತಲಿಲ್ಲ, ಹತ್ತುವವನನ್ನು ಕರೆದರು. ನ್ಯೂವರ್ಕ್‌ನಲ್ಲಿ ಮೇಯರೇ ಕಂಬ ಹತ್ತಿದ ಹಾಗಾಯಿತು. ಮೊದಲಿನದು ನೋಡಲು ಸಪ್ಪೆ, ಆದರೆ ಬಾಳಿಕೆ ಬರುವುದು ಅದೇ.

ಭಾರತದಲ್ಲಿ ಈ ಮಾತು ಬಂದರೆ ಮೊದಲು ನೆನಪಾಗುವವರು ಸುಷ್ಮಾ ಸ್ವರಾಜ್. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ಚುನಾವಣೆಗೆ ನಿಂತಾಗ ಕೆಲವೇ ದಿನಗಳಲ್ಲಿ ಕನ್ನಡ ಕಲಿತು, ವೇದಿಕೆಯ ಮೇಲೆ ಕನ್ನಡದಲ್ಲೇ ಭಾಷಣ ಮಾಡಿದ್ದ ಅವರನ್ನು ಆ ಜಿಲ್ಲೆಯ ಹಿರಿಯರು ಇನ್ನೂ ನೆನೆಯುತ್ತಾರೆ. ಆ ಚುನಾವಣೆ ಸೋತರು. ಜನರ ಭಾಷೆಗೆ ತಾನೇ ಇಳಿದು ಬರುವ ಅದೇ ಗುಣ, 2014ರಿಂದ 2019ರವರೆಗೆ ವಿದೇಶಾಂಗ ಸಚಿವೆಯಾಗಿದ್ದಾಗ ಟ್ವಿಟರ್‌ನಲ್ಲಿ ಕಾಣಿಸಿತು. ಪಾಸ್‌ಪೋರ್ಟ್ ಕಳೆದುಕೊಂಡವರು, ಗಲ್ಫ್‌ನಲ್ಲಿ ಮಾಲೀಕನ ಕೈಗೆ ಸಿಕ್ಕಿ ನರಳುತ್ತಿದ್ದವರು, ಪರದೇಶದಲ್ಲಿ ತೀರಿಕೊಂಡ ಮಗನ ಶವ ತರಲು ದಾರಿ ಕಾಣದ ತಂದೆತಾಯಿ ನೇರವಾಗಿ ಅವರಿಗೇ ಬರೆದರು. ನೀವು ಮಂಗಳ ಗ್ರಹದಲ್ಲಿ ಸಿಕ್ಕಿಕೊಂಡರೂ ಅಲ್ಲಿನ ಭಾರತೀಯ ರಾಯಭಾರ ಕಚೇರಿ ನಿಮ್ಮ ನೆರವಿಗೆ ಬರುತ್ತದೆ ಎಂದು 2017ರಲ್ಲಿ ಅವರು ಒಬ್ಬರಿಗೆ ಉತ್ತರಿಸಿದ್ದು ದೇಶಕ್ಕೆಲ್ಲ ಪರಿಚಿತ.

ಅವರ ಕೆಲಸದ ರೀತಿ ತಿಳಿಯಲು 2016ರ ಜುಲೈ ಕೊನೆಯ ಒಂದು ಪ್ರಸಂಗ ನೋಡಬೇಕು. ಸೌದಿ ಅರೇಬಿಯಾದಲ್ಲಿ ಕಂಪನಿಗಳು ನೆಲಕಚ್ಚಿ ಸಾವಿರಾರು ಭಾರತೀಯ ಕಾರ್ಮಿಕರು ಕೆಲಸ ಕಳೆದುಕೊಂಡಿದ್ದರು. ಜೆಡ್ಡಾದಲ್ಲಿ ಸುಮಾರು 800 ಮಂದಿ ಮೂರು ದಿನದಿಂದ ಊಟವಿಲ್ಲದೆ ಇದ್ದಾರೆ ಎಂದು ಒಬ್ಬರು ಸಚಿವೆಗೆ ಟ್ವೀಟ್ ಮಾಡಿದರು. ಸುಷ್ಮಾ ಅದನ್ನು ಎತ್ತಿಕೊಂಡರು. ಸೌದಿಯಲ್ಲಿರುವ 30 ಲಕ್ಷ ಭಾರತೀಯರಿಗೆ, ನಿಮ್ಮ ಅಣ್ಣತಮ್ಮಂದಿರಿಗೆ ನೆರವಾಗಿ ಎಂದು ಬಹಿರಂಗವಾಗಿ ಮನವಿ ಮಾಡಿದರು. ಜೆಡ್ಡಾದ ಭಾರತೀಯ ಕಾನ್ಸುಲೇಟ್ ಮತ್ತು ಅಲ್ಲಿನ ಭಾರತೀಯರು ಸೇರಿ 15 ಸಾವಿರ ಕಿಲೋಗೂ ಹೆಚ್ಚು ಆಹಾರ ಹಂಚಿದರು. ರಾಜ್ಯ ಸಚಿವ ವಿ.ಕೆ. ಸಿಂಗ್ ಸೌದಿಗೆ ಹೊರಟರು.

ಇಲ್ಲಿ ಟ್ವೀಟ್ ಕಿಡಿ ಮಾತ್ರ. ಒಲೆ ಉರಿದದ್ದು ಕಾನ್ಸುಲೇಟ್‌ನ ನೌಕರರಿಂದ, ಊಟ ಹೊತ್ತು ಕ್ಯಾಂಪುಗಳಿಗೆ ಹೋದವರಿಂದ. ಸುಷ್ಮಾ ತಮ್ಮ ಉತ್ತರಗಳಲ್ಲಿ ಸಂಬಂಧಪಟ್ಟ ರಾಯಭಾರಿಯನ್ನೋ ಕಚೇರಿಯನ್ನೋ ಟ್ಯಾಗ್ ಮಾಡಿ ಕೆಲಸ ಒಪ್ಪಿಸುತ್ತಿದ್ದರು. ವಿದೇಶದಲ್ಲಿರುವವರ ದೂರುಗಳಿಗಾಗಿ 2015ರಲ್ಲಿ 'ಮದದ್' ಎಂಬ ಆನ್‌ಲೈನ್ ವ್ಯವಸ್ಥೆಯನ್ನೂ ಇಲಾಖೆ ತೆರೆದಿತ್ತು. ಹೀಗಾಗಿ ಟ್ವೀಟ್ ಮಾಡಿದವರ ಕತೆ ಟ್ವೀಟ್‌ನಲ್ಲೇ ಮುಗಿಯದೆ, ಎಲ್ಲೋ ಒಂದು ಕಡೆ ನಂಬರು ಪಡೆದು ಕಡತವಾಗುವ ದಾರಿ ಇತ್ತು.

ತೆರೆದ ಬಾಗಿಲಿಗೆ ಬೇಡದವರೂ ಬರುತ್ತಾರೆ. 2018ರ ಜೂನ್‌ನಲ್ಲಿ ಲಖನೌನ ಪಾಸ್‌ಪೋರ್ಟ್ ಕಚೇರಿಯೊಂದರಲ್ಲಿ ಅಂತರಧರ್ಮೀಯ ದಂಪತಿಗೆ ಆಯಿತೆನ್ನಲಾದ ಅವಮಾನದ ವಿಷಯಕ್ಕೆ ಸಂಬಂಧಿಸಿ ಸುಷ್ಮಾ ಅವರನ್ನೇ ಟ್ವಿಟರ್‌ನಲ್ಲಿ ಹೀನಾಯವಾಗಿ ನಿಂದಿಸಲಾಯಿತು. ನಿಂದಿಸಿದವರಲ್ಲಿ ಬಹಳ ಮಂದಿ ಅವರ ಪಕ್ಷದ ಬೆಂಬಲಿಗರೆಂದೇ ಹೇಳಿಕೊಳ್ಳುವವರು. ಸುಷ್ಮಾ ಆ ಬೈಗುಳಗಳನ್ನು ಮುಚ್ಚಿಡದೆ ತಮ್ಮ ಖಾತೆಯಲ್ಲೇ ಎಲ್ಲರಿಗೂ ಕಾಣುವಂತೆ ಮಾಡಿದರು. ಇಂಥ ನಿಂದನೆಯನ್ನು ಒಪ್ಪುತ್ತೀರಾ ಎಂದು ಅಲ್ಲೇ ಮತ ಕೇಳಿದರು. ಶೇ. 57 ಮಂದಿ ಒಪ್ಪುವುದಿಲ್ಲ ಎಂದರು, ಶೇ. 43 ಮಂದಿ ಒಪ್ಪುತ್ತೇವೆ ಎಂದರು. ದೇಶದ ಹಿರಿಯ ಸಚಿವೆಯೊಬ್ಬರನ್ನು ಬೈಯುವುದು ಸರಿ ಎಂದು ನೂರಕ್ಕೆ ನಲವತ್ತಮೂರು ಮಂದಿ ಗುಂಡಿ ಒತ್ತಿದ್ದು ಮನಸ್ಸನ್ನು ಕಲಕುವ ಲೆಕ್ಕ. ಜನರ ಮಾತು ಕೇಳಲು ಕೂತ ನಾಯಕರು, ಅದರಲ್ಲೂ ಮಹಿಳೆಯರು, ದಿನವೂ ಇದನ್ನು ಹಾದುಬರಬೇಕು.

ಸುರೇಶ್ ಪ್ರಭು ರೈಲ್ವೆ ಸಚಿವರಾಗಿದ್ದಾಗ, 2014ರಿಂದ 2017ರವರೆಗೆ, ಚಲಿಸುವ ರೈಲಿನಿಂದಲೇ ಜನ ಟ್ವೀಟ್ ಮಾಡುತ್ತಿದ್ದರು. ಹಸಿದ ಮಗುವಿಗೆ ಮುಂದಿನ ನಿಲ್ದಾಣದಲ್ಲಿ ಹಾಲು ಬಂತು, ಒಂಟಿ ಹೆಣ್ಣುಮಗಳಿಗೆ ತೊಂದರೆ ಕೊಟ್ಟವನನ್ನು ಪೊಲೀಸರು ಇಳಿಸಿಕೊಂಡರು ಎಂಬ ಸುದ್ದಿಗಳು ಆಗ ಪತ್ರಿಕೆಗಳ ತುಂಬ. ಆಮೇಲೆ ರೈಲ್ವೆ ಇದೇ ಕೆಲಸವನ್ನು 139 ಸಂಖ್ಯೆಯ ಸಹಾಯವಾಣಿಗೂ 'ರೈಲ್ ಮದದ್'ಗೂ ತಂದಿತು. ಟ್ವಿಟರ್ ಗೊತ್ತಿಲ್ಲದ ಪ್ರಯಾಣಿಕರೂ ಕೀಪ್ಯಾಡ್ ಫೋನಿನಿಂದ ದೂರು ಹೇಳುವಂತಾದದ್ದು ಸಚಿವರ ಟ್ವೀಟ್‌ಗಳಿಗಿಂತ ದೊಡ್ಡ ಸುಧಾರಣೆ.

ಅಧಿಕಾರದಲ್ಲಿ ಇರುವವರು ಮಾತ್ರ ಕೇಳಿಸಿಕೊಳ್ಳಬೇಕು ಎಂದೇನಿಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳು ಯಾರಿಗೂ ಮರೆಯುವಂಥವಲ್ಲ. ಆಮ್ಲಜನಕದ ಸಿಲಿಂಡರ್, ಐಸಿಯು ಹಾಸಿಗೆ, ರೆಮ್‌ಡೆಸಿವಿರ್ ಕೇಳುವ ಪೋಸ್ಟ್‌ಗಳೇ ಪರದೆಯ ತುಂಬ. ಆ ದಿನಗಳಲ್ಲಿ ದೆಹಲಿಯಲ್ಲಿ ಅತಿ ಹೆಚ್ಚು ಟ್ಯಾಗ್ ಆದ ಹೆಸರುಗಳಲ್ಲಿ ಒಂದು ಭದ್ರಾವತಿಯ ಹುಡುಗನದು: ಆಗ ಭಾರತೀಯ ಯುವ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಬಿ.ವಿ. ಶ್ರೀನಿವಾಸ್. ಅವರ ತಂಡದ ಕಾರ್ಯಕರ್ತರು ಪೋಸ್ಟ್ ನೋಡಿ, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ, ರೋಗಿಯ ಸ್ಥಿತಿ ವಿಚಾರಿಸಿ, ಸಿಲಿಂಡರ್ ಹೊತ್ತು ಹೋದರು. ನ್ಯೂಜಿಲೆಂಡ್ ಹೈಕಮಿಷನ್ ಕೂಡ ಅವರಲ್ಲಿ ಬಹಿರಂಗವಾಗಿ ಆಮ್ಲಜನಕ ಕೇಳಿತು, ಆಮೇಲೆ ವಿವಾದವಾಗಿ ಆ ಟ್ವೀಟ್ ತೆಗೆಯಿತು. ದೆಹಲಿ ಪೊಲೀಸರು ಶ್ರೀನಿವಾಸ್ ಅವರನ್ನು ವಿಚಾರಣೆ ಮಾಡಿದ್ದೂ ಆಯಿತು. ಅದೇ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಸಾಮಾಜಿಕ ಜಾಲತಾಣದಲ್ಲಿ ನೆರವು ಕೇಳುವ ನಾಗರಿಕರ ಬಾಯಿ ಮುಚ್ಚಿಸಬಾರದು ಎಂದು ಸರ್ಕಾರಗಳಿಗೆ ಸ್ಪಷ್ಟವಾಗಿ ಹೇಳಿತು. ಉಸಿರಿಗಾಗಿ ಕೇಳುವುದನ್ನು ವದಂತಿ ಎಂದು ಕರೆಯಲಾಗದು ಎಂದು ನ್ಯಾಯಾಲಯ ನೆನಪಿಸಬೇಕಾಗಿ ಬಂದದ್ದು ಆ ಕಾಲದ ನೋವಿನ ಭಾಗವೇ ಆಗಿ ಉಳಿದಿದೆ.

ಇನ್ನು ಬೆಂಗಳೂರು. ಈ ವಿಷಯಕ್ಕೆ ದೇಶದಲ್ಲೇ ಇಷ್ಟು ಸಮೃದ್ಧವಾದ ಊರು ಇನ್ನೊಂದಿಲ್ಲ.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾದ ಮರಗಳು ಎಂಟುನೂರಕ್ಕೂ ಹೆಚ್ಚು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಇಮೇಲ್ ಮೂಲಕ ಜನಾಭಿಪ್ರಾಯ ಕೇಳಿತ್ತು. ಬಂದದ್ದು ಮುನ್ನೂರರ ಆಸುಪಾಸು ಉತ್ತರ, ಅದರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ ಎಂದು ಹೇಳಿತು. ಒಂದು ಕೋಟಿ ಜನರ ನಗರದಲ್ಲಿ ಮುನ್ನೂರು ಇಮೇಲ್. ಆಗ ಫೇಸ್‌ಬುಕ್, ಟ್ವಿಟರ್, ವಾಟ್ಸ್‌ಆ್ಯಪ್‌ಗಳಲ್ಲಿ 'ಸ್ಟೀಲ್ ಫ್ಲೈಓವರ್ ಬೇಡ' ಎಂಬ ಕೂಗು ಎದ್ದಿತು. 'ಬೇಡ' ಎಂಬ ಕನ್ನಡದ ಮಾತು ಇಂಗ್ಲಿಷ್ ಅಕ್ಷರಗಳಲ್ಲಿ ಹ್ಯಾಷ್‌ಟ್ಯಾಗ್ ಆಗಿ, ಕನ್ನಡ ಬಾರದವರ ಬಾಯಲ್ಲೂ ಕುಣಿಯಿತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ರಸ್ತೆಯ ಉದ್ದಕ್ಕೂ ಕೈಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್ ಆರಂಭದಲ್ಲಿ ಅಂದಿನ ಬೆಂಗಳೂರು ಅಭಿವೃದ್ಧಿ ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ಟಿದ್ದೇವೆ ಎಂದು ಘೋಷಿಸಿದರು. ಅದೇ ವರ್ಷ 'ನಮ್ಮ ಮೆಟ್ರೊ ಹಿಂದಿ ಬೇಡ' ಎಂಬ ಇನ್ನೊಂದು ಬೇಡ ಎದ್ದಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು, ಮೆಟ್ರೊ ನಿಲ್ದಾಣಗಳ ಹಿಂದಿ ಫಲಕಗಳು ಮರೆಯಾದವು.

ಈ ಎರಡೂ ಗೆಲುವುಗಳು ಬೇಡ ಎಂದದ್ದರ ಗೆಲುವು. ಒಂದು ಕೆಲಸವನ್ನು ನಿಲ್ಲಿಸಲು ಎಲ್ಲರೂ ಒಂದೇ ಮಾತು ಹೇಳಿದರೆ ಸಾಕು. ಮಾಡಿಸಲು ಹೊರಟಾಗ ಕತೆ ಬೇರೆ. ರಸ್ತೆಗುಂಡಿಯನ್ನೇ ತೆಗೆದುಕೊಳ್ಳಿ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯ ನೀರಿಗೆ ಮೊಸಳೆಯ ಪ್ರತಿಕೃತಿ ಬಿಟ್ಟರು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2 ಚಂದ್ರನನ್ನು ಸುತ್ತುತ್ತಿದ್ದ ದಿನಗಳಲ್ಲೇ, ಹೇರೋಹಳ್ಳಿ ಕಡೆಯ ಹಾಳುಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದ ನಟನನ್ನು ನಿಧಾನವಾಗಿ ನಡೆಸಿ ವಿಡಿಯೊ ಮಾಡಿದರು. ಚಂದ್ರನ ನೆಲವೆಂದೇ ಕಣ್ಣು ನಂಬುವ ಹೊತ್ತಿಗೆ ಪಕ್ಕದಲ್ಲಿ ಆಟೊ ಹಾದುಹೋಗುತ್ತದೆ. ಆ ವಿಡಿಯೊ ದೇಶ ಸುತ್ತಿತು, ಪಾಲಿಕೆಯ ಯಂತ್ರಗಳು ಬೇಗನೆ ಆ ರಸ್ತೆಗೆ ಬಂದವು. ಆದರೆ ಪ್ರತಿ ಗುಂಡಿಗೂ ಒಬ್ಬ ಕಲಾವಿದ ಎಲ್ಲಿಂದ ಬರಬೇಕು? ಪಕ್ಕದ ಬೀದಿಯ ಗುಂಡಿಯಲ್ಲಿ ಬಿದ್ದು ಮಂಡಿ ಒಡೆದುಕೊಂಡವನು ವೈರಲ್ ಆಗುವುದಿಲ್ಲ.

ಇದರ ಹಿಂದೆ ಇನ್ನೂ ಆಳದ ಕಾರಣವೊಂದಿದೆ, ಅದನ್ನು ಬೆಂಗಳೂರಿನವರು ದಿನವೂ ಅನುಭವಿಸುತ್ತಾರೆ. ಬಿಬಿಎಂಪಿಯ 198 ವಾರ್ಡುಗಳ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯನ್ನೇ ಐದು ಭಾಗ ಮಾಡಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ತರಲಾಯಿತು. ಕಸದ ಗಾಡಿ ಬಾರದಿದ್ದರೆ ಬೆಳಗ್ಗೆ ಎದ್ದು ಹೋಗಿ ಬಾಗಿಲು ತಟ್ಟಬಹುದಾಗಿದ್ದ ಕಾರ್ಪೊರೇಟರ್ ಇಲ್ಲ. ಹಾಗಾಗಿ ಮನೆ ಮುಂದಿನ ಚರಂಡಿಗಾಗಿ ಜನ ಉಪಮುಖ್ಯಮಂತ್ರಿಯನ್ನೇ ಟ್ಯಾಗ್ ಮಾಡುತ್ತಾರೆ. ಫೋಟೊ, ಬೀದಿಯ ಹೆಸರು, ಆಯುಕ್ತರು, ಶಾಸಕರು, ಸಂಸದರು, ಎರಡು ಪತ್ರಿಕೆಗಳು, ಎಲ್ಲವೂ ಒಂದೇ ಪೋಸ್ಟ್‌ನಲ್ಲಿ. ಬರುವ ಉತ್ತರ ಎಲ್ಲರಿಗೂ ಬಾಯಿಪಾಠ: ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಜಲಮಂಡಳಿಯನ್ನು ಸಂಪರ್ಕಿಸಿ. ಜಲಮಂಡಳಿ ಅಗೆದದ್ದನ್ನು ಪಾಲಿಕೆ ಮುಚ್ಚಬೇಕು, ಪಾಲಿಕೆ ಮುಚ್ಚಿದ್ದನ್ನು ಬೆಸ್ಕಾಂ ಮತ್ತೆ ಅಗೆಯುತ್ತದೆ. ಚುನಾವಣೆ ನಡೆಸದೆ ಜಾಲತಾಣದಲ್ಲಿ ಅಹವಾಲು ಕೇಳುವುದು, ಮನೆಯ ಬಾಗಿಲು ಮುಚ್ಚಿ ಕಿಟಕಿಯಲ್ಲಿ ಮಾತಾಡಿದ ಹಾಗೆ. ಕಿಟಕಿ ಇರಲಿ, ಬಾಗಿಲೂ ತೆರೆಯಬೇಕು.

ಜನರ ಅಹವಾಲನ್ನು ಎದುರು ಕೂತು ಕೇಳುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್‌ನಲ್ಲಿ, ದಸರೆಯ ಕಾಲದಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿ ಕೂಡಿಸಿದರು. ಬಂದವರು 144 ಮಂದಿ. ಕೆರೆ, ರಸ್ತೆ, ಕಂದಾಯದ ಕಷ್ಟಗಳನ್ನು ಸರ್ಕಾರದ ಮುಂದೆ ಇಡಲು ದೇಶದಲ್ಲೇ ಅಂಥ ಸಭೆ ಇರದಿದ್ದ ಕಾಲ ಅದು. ಆದರೆ ಆ 144 ಮಂದಿ ಜಮೀನುದಾರರು, ವರ್ತಕರು. ಕೂಲಿಯವನಿಗೆ, ಹೆಣ್ಣಿಗೆ ಅಲ್ಲಿ ಜಾಗವಿರಲಿಲ್ಲ. ಚುನಾವಣೆ ಬಂದದ್ದು ಹತ್ತು ವರ್ಷದ ಮೇಲೆ, ಅದೂ ಸ್ಥಿತಿವಂತರಿಗೆ.

ಇಂದಿನ ಜಾಲತಾಣದ ಸಭೆಯಲ್ಲಿ ಯಾರಿದ್ದಾರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ನೂರಕ್ಕೆ 33, ಗಂಡಸರಲ್ಲಿ 57. ಆಮೇಲೆ ಈ ಸಂಖ್ಯೆ ಏರಿರುವುದು ಕಣ್ಣಿಗೇ ಕಾಣುತ್ತದೆ. ಆದರೂ ಫೋನ್ ಇರುವುದೇ ಬೇರೆ, ಅದರಲ್ಲಿ ಸಚಿವರಿಗೆ ದೂರು ಬರೆಯುವ ಧೈರ್ಯ ಬರುವುದೇ ಬೇರೆ. ಅಪಾರ್ಟ್‌ಮೆಂಟಿನ ಟ್ಯಾಂಕರ್ ನೀರಿನ ಸಮಸ್ಯೆ ಇಂಗ್ಲಿಷಿನಲ್ಲಿ ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ. ಅದೇ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಬೀದಿಯ ನಲ್ಲಿಗೆ ನೀರು ಬಾರದೆ ವಾರವಾಗಿದ್ದು ಯಾರ ಪರದೆಗೂ ಬರುವುದಿಲ್ಲ. 2024ರ ಫೆಬ್ರುವರಿ 8ರಂದು ಸಿದ್ದರಾಮಯ್ಯ ವಿಧಾನಸೌಧದ ಆವರಣದಲ್ಲಿ ಜನಸ್ಪಂದನ ನಡೆಸಿದಾಗ ದೂರದ ಜಿಲ್ಲೆಗಳಿಂದ ಸಾವಿರಾರು ಜನ ಬಂದು ಸಾಲು ನಿಂತರು. ಮುಖ್ಯಮಂತ್ರಿಗೆ ಟ್ವೀಟ್ ಮಾಡಬಹುದಾದ ಕಾಲದಲ್ಲೂ ಅವರು ರಾತ್ರಿ ಬಸ್ಸು ಹಿಡಿದು, ಕಾಗದದ ಅರ್ಜಿ ಕೈಯಲ್ಲಿ ಹಿಡಿದು ಬಂದಿದ್ದರು.

ಆ ಕಾಗದಕ್ಕೆ ಒಂದು ಬೆಲೆಯಿದೆ. ಅರ್ಜಿ ಕೊಟ್ಟರೆ ಸ್ವೀಕೃತಿ ಸಿಗುತ್ತದೆ, ಇಷ್ಟು ದಿನದಲ್ಲಿ ಹಿಂಬರಹ ಕೊಡಿ ಎಂದು ಕೇಳಬಹುದು. 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯಡಿ ಗೊತ್ತಾದ ಅವಧಿಯಲ್ಲಿ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಸಣ್ಣದು; ಆದರೆ ವಿಳಂಬ ಮಾಡಿದ ಅಧಿಕಾರಿಯೇ ಅದನ್ನು ತೆರಬೇಕೆಂಬುದು ಸಣ್ಣದಲ್ಲ. ಟ್ವೀಟ್‌ಗೆ ಉತ್ತರ ಬಂದರೆ ಅದು ನಾಯಕರ ಒಳ್ಳೆಯತನ, ಬಾರದಿದ್ದರೆ ಕೇಳಲು ದಾರಿಯಿಲ್ಲ. ಸಾಲಿನಲ್ಲಿ ನಿಂತವನ ಅರ್ಜಿಗಿಂತ ಮೊದಲು ಟ್ವೀಟ್ ಮಾಡಿದವನ ಕೆಲಸ ಆದರೆ, ಸಾಲು ಮುರಿದಂತೆಯೇ ಆಯಿತು.

ಮತ್ತೊಂದು ತೊಡಕು ಈ ಚಾವಡಿಯ ಒಡೆತನದ್ದು. ಟ್ವಿಟರನ್ನು 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 44 ಬಿಲಿಯನ್ ಡಾಲರ್‌ಗೆ ಕೊಂಡರು, ಮರುವರ್ಷ ಹೆಸರನ್ನೇ ಎಕ್ಸ್ ಎಂದು ಬದಲಿಸಿದರು. ಹಣ ಕೊಟ್ಟವರಿಗೆ ನೀಲಿ ಗುರುತು, ಅವರ ಮಾತಿಗೆ ಹೆಚ್ಚು ಪ್ರಚಾರ ಎಂಬ ನಿಯಮ ಬಂತು. ತಂತ್ರಾಂಶದ ಮೂಲಕ ಸಂದೇಶ ಕಳಿಸಲೂ ದೊಡ್ಡ ಶುಲ್ಕ ಎಂದಾಗ, 2023ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸಾರಿಗೆ ಸಂಸ್ಥೆ ರೈಲು, ಬಸ್ಸುಗಳ ತಕ್ಷಣದ ಮಾಹಿತಿಯನ್ನು ಅಲ್ಲಿ ಕೊಡುವುದನ್ನೇ ನಿಲ್ಲಿಸಿತು. ಒಂದು ವಾರದ ಆಚೀಚೆ ಕಂಪನಿ ಸಾರ್ವಜನಿಕ ಸೇವೆಗಳಿಗೆ ವಿನಾಯಿತಿ ಕೊಟ್ಟಿತು ಎನ್ನಿ. ಹುನ್‌ನಂಥ ಊರು ತನ್ನ ಆಡಳಿತವನ್ನೆಲ್ಲ ಇನ್ನೊಬ್ಬರ ಅಂಗಡಿ ಜಗಲಿಯ ಮೇಲೆ ಕೂರಿಸಿದ್ದರ ಅಪಾಯ ಇಂಥ ಹೊತ್ತಿನಲ್ಲಿ ಅರ್ಥವಾಗುತ್ತದೆ.

ಆ ಜಗಲಿಯಿಂದ ನಾಗರಿಕನನ್ನು ನಾಯಕ ಎಬ್ಬಿಸಿ ಕಳಿಸಬಹುದೇ? ಅಮೆರಿಕದ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರಾನ್ ಎಂಬ ಊರಿನ ಆಡಳಿತಾಧಿಕಾರಿ ಜೇಮ್ಸ್ ಫ್ರೀಡ್, ಕೋವಿಡ್ ಕಾಲದಲ್ಲಿ ತಮ್ಮ ಫೇಸ್‌ಬುಕ್ ಪುಟದಲ್ಲಿ ಟೀಕೆ ಬರೆದ ನಿವಾಸಿಯೊಬ್ಬರ ಕಮೆಂಟುಗಳನ್ನು ಅಳಿಸಿ, ಅವರನ್ನು ಬ್ಲಾಕ್ ಮಾಡಿದ್ದರು. ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2024ರ ಮಾರ್ಚ್ 15ರಂದು ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಒಂದು ಅಳತೆ ಕೊಟ್ಟರು: ಆ ಅಧಿಕಾರಿಗೆ ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ನಿಜಕ್ಕೂ ಇದ್ದು, ಆ ಪೋಸ್ಟ್‌ನಲ್ಲಿ ಅದೇ ಅಧಿಕಾರದಿಂದ ಮಾತಾಡಿದ್ದರೆ, ಅಲ್ಲಿ ಬ್ಲಾಕ್ ಮಾಡುವುದು ಸರ್ಕಾರವೇ ಬಾಯಿ ಮುಚ್ಚಿಸಿದಂತೆ. ಮಕ್ಕಳ ಹುಟ್ಟುಹಬ್ಬದ ಫೋಟೊವನ್ನೂ ಸರ್ಕಾರಿ ಪ್ರಕಟಣೆಯನ್ನೂ ಒಂದೇ ಖಾತೆಯಲ್ಲಿ ಹಾಕುವ ನಮ್ಮ ಶಾಸಕರು, ಸಚಿವರು ಈ ತೀರ್ಪನ್ನು ಒಮ್ಮೆ ಓದಿಸಿಕೊಳ್ಳುವುದು ಒಳ್ಳೆಯದು.

ಎಕ್ಸ್ ಎಂಬುದು ನಮ್ಮಲ್ಲಿ ಹೆಚ್ಚಾಗಿ ನಗರದ ಸಂಗತಿ. ಹಳ್ಳಿಗಳಲ್ಲಿ, ಸಣ್ಣ ಪಟ್ಟಣಗಳಲ್ಲಿ ನಿಜವಾದ ಜನತಾ ದರ್ಶನ ನಡೆಯುವುದು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ. ಬೆಳಗ್ಗೆ ಆರೂವರೆಗೆ "ಮೇಲಿನ ಕೇರಿಗೆ ನೀರು ಬಂದಿಲ್ಲ" ಎಂಬ ಸಂದೇಶ. ಜೊತೆಗೆ ಒಣಗಿದ ನಲ್ಲಿಯ ಫೋಟೊ, ಕೆಳಗೆ ಸಾಲಾಗಿಟ್ಟ ಖಾಲಿ ಬಿಂದಿಗೆಗಳು. ಬರೆಯಲು ಬಾರದವರು ವಾಯ್ಸ್ ಮೆಸೇಜ್ ಹಾಕುತ್ತಾರೆ. ಬರವಣಿಗೆ ಬಲ್ಲವರ ಹಂಗು ಇಲ್ಲದೆ ತಮ್ಮ ದನಿಯಲ್ಲೇ, ತಮ್ಮ ಸೀಮೆಯ ಕನ್ನಡದಲ್ಲೇ ಕಷ್ಟ ಹೇಳಿಕೊಳ್ಳಲು ಅವರಿಗೆ ಸಿಕ್ಕ ಮೊದಲ ದಾರಿ ಇದು. ಗ್ರೂಪಿನಲ್ಲಿ ಅಧ್ಯಕ್ಷರಿದ್ದಾರೆ, ಪಿಡಿಒ ಇದ್ದಾರೆ. ನೀರುಗಂಟಿಯೂ ಇದ್ದರೆ ಅರ್ಧ ಕೆಲಸ ಆದಂತೆ. ಅವನು "ಮೋಟ್ರು ಸುಟ್ಟೋಗದೆ ಸಾರ್, ಬಿಚ್ಚಿ ಕಳಿಸಿದೀನಿ, ನಾಳೆ ಬತ್ತದೆ" ಎಂದು ಬರೆದರೆ ಮೇಲಿನ ಕೇರಿಯವರು ಇವತ್ತಿಗೆ ಕೈಪಂಪಿನ ದಾರಿ ಹಿಡಿಯುತ್ತಾರೆ. ಕಾದು ಕೂರುವುದು ತಪ್ಪುತ್ತದೆ.

ಮಧ್ಯಾಹ್ನದ ಹೊತ್ತಿಗೆ ಆ ಸಂದೇಶ ಶುಭಾಶಯದ ಚಿತ್ರಗಳ ಕೆಳಗೆ, ಯಾವುದೋ ಪಕ್ಷದ ವಿಡಿಯೊಗಳ ಕೆಳಗೆ ಹೂತುಹೋಗಿರುತ್ತದೆ. ಗ್ರಾಮಸಭೆಗಾದರೆ ನಡಾವಳಿ ಪುಸ್ತಕವಿದೆ. ಯಾರು ಏನು ಕೇಳಿದರು, ಏನು ತೀರ್ಮಾನವಾಯಿತು ಎಂದು ಅದರಲ್ಲಿ ಬರೆದು ಸಹಿ ಹಾಕುತ್ತಾರೆ, ಮುಂದಿನ ಸಭೆಯಲ್ಲಿ ಅದನ್ನು ಓದುತ್ತಾರೆ. ಗ್ರೂಪಿಗೆ ಬಂದ ದೂರುಗಳನ್ನೂ ದಿನಾಂಕ ಹಾಕಿ ಅದೇ ಪುಸ್ತಕಕ್ಕೆ ಏರಿಸಲು ಕಾನೂನಿನ ಅಡ್ಡಿ ಯಾವುದೂ ಇಲ್ಲ. ದಿನಕ್ಕೆ ಹತ್ತು ನಿಮಿಷದ ಕೆಲಸ. ಬಿಂದಿಗೆಗಳ ಫೋಟೊ ಹಾಕಿದ ಹೆಂಗಸು ಗ್ರಾಮಸಭೆಗೆ ಬಂದು, ಮೋಟಾರು ಈ ವರ್ಷ ಎಷ್ಟು ಸಲ ಸುಟ್ಟಿತು, ಪ್ರತಿ ಸಲ ಎಷ್ಟು ದಿನ ನೀರಿರಲಿಲ್ಲ, ಹೊಸ ಮೋಟಾರಿಗೆ ದುಡ್ಡು ಯಾವಾಗ ಎತ್ತಿಡುತ್ತೀರಿ ಎಂದು ಪುಸ್ತಕ ತೆರೆಸಿ ಕೇಳಬಹುದು.